ಮನಿ ರೊಕ್ಕದ ಲೆಕ್ಕ ಗಂಡಸು ಒಬ್ಬನಿಗೇ ಗೊತ್ತಿದ್ರ ಸಾಕೇನ್ರಿ?

ನಿನ್ನೆ ಬೀದರದಾಗ ನಮ್ಮ ಓಣಿ ತಂಗಿ ಒಬ್ಬಾಕಿ ಜೋಡಿ ಬ್ಯಾಂಕಿಗೆ ಹೋಗಿದ್ದೆ. ಆಕಿ ಗಂಡ ಹಾರ್ಟ್ ಅಟ್ಯಾಕ್ ಆಗಿ ಹೋಗಿ ಇನ್ನಾ ತಿಂಗಳು ತುಂಬಿಲ್ಲ. ಕೈಯಾಗ ಒಂದು ಕ್ಯಾರಿಬ್ಯಾಗ್, ಅದರಾಗ ಪಾಸ್‌ಬುಕ್, ಎಲ್‌ಐಸಿ ರಸೀದಿ, ಕರೆಂಟ್ ಬಿಲ್, ಮಕ್ಕಳ ಫೀಸಿನ ಚೀಟಿ ಎಲ್ಲಾ ಕಲಸಿಬಿಟ್ಟಾವ. ಎಫ್‌ಡಿ ಎಷ್ಟವ? "ಅವರಿಗೇ ಗೊತ್ತಿತ್ತು ಅಣ್ಣಾ." ಸಾಲ ಎಷ್ಟು ಉಳದದ? "ಅವರಿಗೇ ಗೊತ್ತಿತ್ತು." ಮೊಬೈಲಿನ ಲಾಕ್? ಅದೂ ಅವರಿಗೇ ಗೊತ್ತಿತ್ತು. ಸಿಕ್ಕ ಒಂದು ಎಫ್‌ಡಿಗೆ ನಾಮಿನಿ ಯಾರಂತ ನೋಡಿದ್ರ ಅವರ ಅವ್ವನ ಹೆಸರು, ಮದಿವಿಗಿಂತ ಮುಂಚೆ ಬರಸಿದ್ದು, ಆ ಅವ್ವ ತೀರಿಕೊಂಡು ಎಷ್ಟೋ ವರ್ಷ ಆಗ್ಯಾವ.

ಸಿಟ್ಟು ಬಂತು ನನಗ, ಇನ್ನಾ ಇಳದಿಲ್ಲ. ಹೋದಾಂವ ಪೈಸಾಕ್ಕ ಪೈಸಾ ಕೂಡಿಟ್ಟಾಂವ, ಕುಡಿಯೋದಿಲ್ಲ, ಜೂಜಿಲ್ಲ, ಅಂಥಾವನ ಹೆಂಡ್ತಿನೇ ಹಿಂಗ ಕೌಂಟರಿನ ಮುಂದ ನಿಲ್ಲಬೇಕಂದ್ರ ನಮ್ಮ ಮನಿಮನ್ಯಾಗಿನ ರೂಢಿನೇ ಕೆಟ್ಟದ.

ನಾನು ಸೈನ್ಯದ ಇನ್ಫೆಂಟ್ರ್ಯಾಗ, ಅಂದ್ರ ಕಾಲಾಳು ಪಡ್ಯಾಗ ಇದ್ದಾಂವ, ನಿಮಗೆಲ್ಲಾ ಗೊತ್ತದ. ಅಲ್ಲಿ ಸೆಕ್ಷನ್ ಅಂದ್ರ ಹತ್ತು ಮಂದಿ. ಹೊರಡೋಕಿಂತ ಮುಂಚೆ ನೆಲದ ಮ್ಯಾಲ ಮಣ್ಣಿನಾಗ ಗುಡ್ಡ, ನಾಲಾ, ದಾರಿ ಎಲ್ಲಾ ಮಾಡಿ ಕಡೇ ಸಿಪಾಯಿ ತನಕ ಪ್ಲಾನ್ ಹೇಳ್ತಾರ, ಯಾಕಂದ್ರ ಕಮಾಂಡರಿಗೆ ಗುಂಡು ಬಿದ್ರ ಟೂ ಐಸಿ, ಅಂದ್ರ ಅವನ ಕೆಳಗಿನ ಎರಡನೇಯಾಂವ, ಅದೇ ಗಳಿಗಿಗೆ ಮುಂದ ನಡೆಸಬೇಕು, "ಸಾಹೇಬರಿಗೇ ಗೊತ್ತಿತ್ತು" ಅಂದ್ರ ಎಲ್ಲಾರೂ ಸಾಯ್ತಾರ. ಗಾಯಕ್ಕ ಕಟ್ಟೋ ಫೀಲ್ಡ್ ಡ್ರೆಸ್ಸಿಂಗ್ ಯಾವ ಜೇಬಿನಾಗ ಇಡಬೇಕು ಅನ್ನೋದೂ ಎಲ್ಲಾರಿಗೂ ಒಂದೇ. ಗಾಯ ಆದವನಿಗೆ ಅವನ ಜೇಬಿನ ಡ್ರೆಸ್ಸಿಂಗೇ ತೆಗದು ಕಟ್ಟಬೇಕು, ನಿನ್ನದು ನಿನಗ ಬೇಕಾಗ್ತದ. ಕತ್ತಲ್ಯಾಗ, ಗದ್ದಲದಾಗ, ಬಡ್ಡಿ (buddy), ಅಂದ್ರ ಜೋಡಿ ಸಿಪಾಯಿ, ಅವನ ಕೈ ಸೀದಾ ಆ ಜೇಬಿಗೇ ಹೋಗ್ಬೇಕು. ಮದಿವಿ ಆದ್ರ, ಕೂಸು ಹುಟ್ಟಿದ್ರ ಪಾರ್ಟ್ ಟೂ ಆರ್ಡರ್, ಅಂದ್ರ ಸರ್ವಿಸ್ ರೆಕಾರ್ಡಿನಾಗ ನೋಂದಣಿ, ಮಾಡಸು ಅಂತ ಯೂನಿಟ್ ಕ್ಲರ್ಕ್ ಬೆನ್ನು ಬಿಡ್ತಿರಲಿಲ್ಲ, ರೆಕಾರ್ಡಿನಾಗ ಹೆಂಡ್ತಿ ಹೆಸರು ಕೂಡಲಿಲ್ಲಂದ್ರ ನಾಳಿ ಆಕಿ ಫ್ಯಾಮಿಲಿ ಪೆನ್ಶನ್ನಿಗೆ ಅಲದಾಡಬೇಕಾಗ್ತದ.

ಒಂದು ಮಾತು ಹೇಳಿಬಿಡ್ತೀನಿ, ಇದು ನಾ ಯಾರ ಮುಂದೂ ಬಿಚ್ಚಿ ಆಡಿದ್ದಲ್ಲ. ನನ್ನ ಬಡ್ಡಿ ಹೋದಾಗ ಅವನ ಕರೀ ಟ್ರಂಕ್ ನಾನೇ ಕಟ್ಟಿ ಊರಿಗೆ ಕಳಸೀನಿ. ಅವನ ಮನಿಗೆ ಏನೇನು ಬರಬೇಕು, ಯಾರಿಗೆ ಎಷ್ಟು ಕೊಡೋದದ, ಎಲ್ಲಾ ನನಗ ಗೊತ್ತಿತ್ತು. ಅಂವ ಹೇಳಿಟ್ಟಿದ್ದ. ನಿನ್ನೆ ಆ ತಂಗಿ ಬಾಜೂಕ ಕೂತಾಗ ಅದೇ ನೆನಪಾಗಿ ಗಂಟಲು ಕಟ್ಟಿತು.

ಬೀದರದಾಗ ಇದ್ದು ನಮಗ ಇದು ತಿಳೀಬಾರದೇನ್ರಿ? ವಿಮಾನದ ಕಸರತ್ತು ತೋರಸೋ ವಾಯುಪಡೆಯ ಸೂರ್ಯಕಿರಣ ತಂಡ 1996ರಾಗ ನಮ್ಮೂರಾಗೇ ಹುಟ್ಟಿದ್ದು. ಒಂಬತ್ತು ಹಾಕ್ ವಿಮಾನ, ರೆಕ್ಕಿಗೂ ರೆಕ್ಕಿಗೂ ನಡುವ ಐದೇ ಮೀಟರ್. ಮಾಳಗಿ ಮ್ಯಾಲ ನಿಂತು ಚಪ್ಪಾಳಿ ಹೊಡೀತೀವಿ. ಆದ್ರ ಅವ್ರು ಹಾರೋಕಿಂತ ಮುಂಚೆ ಕೂತು ಮಾತಾಡ್ತಾರ, ಇಳದಮ್ಯಾಲ ಮತ್ತ ಕೂತು ಎಲ್ಲಿ ತಪ್ಪಾತು ಅಂತ ಬಿಚ್ಚಿ ಮಾತಾಡ್ತಾರ. ನಮ್ಮ ಮನ್ಯಾಗ ಗಂಡ ಹೆಂಡ್ತಿ ರೊಕ್ಕದ ಮಾತಿಗೆ ವರ್ಷಕ್ಕೊಮ್ಮೆ ಹಂಗ ಕೂತೀವೇನು?

"ಹೆಂಗಸರಿಗೆ ಹೇಳಿದ್ರ ತವರಮನಿಗೆ ಹೋಗ್ತದ, ಫೋನಿನಾಗ ಯಾರಿಗರ ಓಟಿಪಿ ಕೊಟ್ಟುಬಿಡ್ತಾರ" ಅಂತ ನಿನ್ನೆನೇ ಒಬ್ಬರು ಅಂದ್ರು. ಓಟಿಪಿ ಕೊಟ್ಟು ಮೋಸ ಹೋದ ಗಂಡಸರು ಕಡಿಮಿ ಅದಾರೇನು? ಬೀದರ ಡಿಸಿಸಿ ಬ್ಯಾಂಕಿನ, ಅಂದ್ರ ಜಿಲ್ಲಾ ಸಹಕಾರಿ ಬ್ಯಾಂಕಿನ, ಸ್ವಸಹಾಯ ಸಂಘಗಳನ್ನ ನೋಡಿ ಕಲೀಲಿಕ್ಕೆ ಹೊರಗಿನ ಮಂದಿ ಬಂದು ಹೋಗ್ಯಾರ, ಆ ಸಂಘ ನಡೆಸಿದವ್ರು, ಕಂತು ಕಟ್ಟಿದವ್ರು ಇದೇ ಹೆಂಗಸರು. ಸಂಘದ ಪುಸ್ತಕ ಬರಿಯಾಕಿಗೆ ಮನಿ ಪಾಸ್‌ಬುಕ್ ತೋರಸಲಿಕ್ಕೆ ಅಂಜಿಕಿ ಯಾಕ?

ನಿನ್ನೆ ಆ ತಂಗಿ ಗಂಡನ ಪಾಸ್‌ಬುಕ್ ತಿರುವಿ ಹಾಕಿದಾಗ ಮೇ ತಿಂಗಳದಾಗ 436 ರೂಪಾಯಿ ಕಟ್ ಆದದ್ದು ಕಣ್ಣಿಗೆ ಬಿತ್ತು. ಆಕಿ ಅದನ್ನ ಬ್ಯಾಂಕಿನ ಚಾರ್ಜ್ ಅಂದ್ಕೊಂಡಿದ್ಳು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ, 2 ಲಕ್ಷ ಬರ್ತದ, ಹಾರ್ಟ್ ಅಟ್ಯಾಕ್ ಆದ್ರೂ ಬರ್ತದ. ಬಾಜೂಕ 20 ರೂಪಾಯಿ ಕಟ್ ಆಗ್ಯದ, ಅದು ಸುರಕ್ಷಾ ವಿಮಾ, ಆಕ್ಸಿಡೆಂಟ್ ಆದ್ರ ಮಾತ್ರ. ಯಾರೂ ತಿರುವಿ ನೋಡದಿದ್ರ ಆ 2 ಲಕ್ಷ ಕೇಳೋರೇ ಇರ್ತಿರಲಿಲ್ಲ. ಹತ್ತು ವರ್ಷ ಯಾರೂ ಕೇಳದ ಡಿಪಾಸಿಟ್ ರಿಸರ್ವ್ ಬ್ಯಾಂಕಿನ ಫಂಡಿಗೆ ಹೋಗ್ತದ, ಹುಡುಕಲಿಕ್ಕೆ 2023ರಾಗ ಉದ್ಗಮ್ ಅಂತ ಪೋರ್ಟಲ್ ಮಾಡ್ಯಾರ. ಪೋರ್ಟಲ್ ಮಾಡೋ ಹೊತ್ತು ಬಂದದ ಅಂದ್ರ ಎಷ್ಟು ಮನ್ಯಾಗ "ಅವರಿಗೇ ಗೊತ್ತಿತ್ತು" ನಡದಿರಬೇಕು ನೀವೇ ಲೆಕ್ಕ ಹಾಕ್ರಿ.

ಈ ಐತವಾರ ಒಂದು ನೋಟ್‌ಬುಕ್ ತಗೊಂಡು ಕೂಡ್ರಿ. ಖಾತೆ, ವಿಮಾ, ಸಾಲ, ಕೈಗಡ, ಹೊಲದ ಕಾಗದ ಎಲ್ಲಿ ಅದ, ಎಲ್ಲಾ ಹೆಂಡ್ತಿ ಕೈಲೇ ಬರಸ್ರಿ, ಪಿನ್ ಪಾಸ್‌ವರ್ಡ್ ಅದರಾಗ ಬರೀಬ್ಯಾಡ್ರಿ. ನಾಮಿನಿ ಹೆಸರು ಒಂದೊಂದೇ ತೆಗದು ನೋಡ್ರಿ. 2025ರ ನವೆಂಬರದಿಂದ ಬ್ಯಾಂಕ್ ಖಾತೆಗೆ ನಾಲ್ಕು ಮಂದಿ ತನಕ ನಾಮಿನಿ ಇಡಲಿಕ್ಕೆ ಬರ್ತದ. ಆದ್ರ ನಾಮಿನಿ ಕೈಗೆ ರೊಕ್ಕ ಬಂದ್ರೂ ವಾರಸುದಾರರ ಹಕ್ಕು ಹೋಗಲ್ಲ, ಮನ್ಯಾಗ ತಕರಾರು ಆಗೋ ಹಂಗಿದ್ರ ಮೃತ್ಯುಪತ್ರನೂ ಬರದಿಡ್ರಿ. ಬೀದರದಾಗ ಇದ್ದವ್ರಿಗೆ ಫಾರ್ಮ್ ತುಂಬಲಿಕ್ಕೆ ತ್ರಾಸ ಆದ್ರ ಸಂಜಿಗೆ ಮನಿಗೇ ಬರ್ರಿ, ಇಬ್ಬರೂ ಕೂಡೇ ಬರ್ರಿ, ಕೂತು ತುಂಬೋಣು.