10,000 ರೂಪಾಯಿಗೂ ಮುಂಚೆ ಒಂದು ಕಥೆ ಇದೆ

ಸುಧಾ ಮೂರ್ತಿ ತಮ್ಮ ಗಂಡ ನಾರಾಯಣ ಮೂರ್ತಿಗೆ ಕೊಟ್ಟ 10,000 ರೂಪಾಯಿಯಿಂದಲೇ ಇನ್ಫೋಸಿಸ್ ಬೆಳೆಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡಿನ ಬೆಲೆ ದೊಡ್ಡದು, ನಿಜ. ಆದರೆ 1981ರಲ್ಲಿ ಇನ್ಫೋಸಿಸ್ ಶುರುವಾಗುವ ಮೊದಲೇ ನಾರಾಯಣ ಮೂರ್ತಿ ಸಾಫ್ಟ್ರಾನಿಕ್ಸ್ ಅಂತ ಒಂದು ಕಂಪನಿ ಮಾಡಿದ್ದರು. ಅದು ನಡೆಯಲಿಲ್ಲ. ಆಮೇಲೆ ಸಾಫ್ಟ್‌ವೇರ್ ಕಂಪನಿ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಕೆಲಸಕ್ಕೆ ಸೇರಿದರು. ಇನ್ಫೋಸಿಸ್ ಕಟ್ಟಿದ ಉಳಿದ ಆರು ಜನ ಸಿಕ್ಕಿದ್ದು ಅಲ್ಲೇ. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ನಾನು ದಾವಣಗೆರೆಯವನು. ಇಲ್ಲಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ, ಗೆಳೆಯನ ಜೊತೆ ಸೇರಿ ಎಪಿಎಂಸಿಯ ಮೆಕ್ಕೆಜೋಳದ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟೆ. ತೂಕ, ಹಮಾಲಿ, ಕಮಿಷನ್ ಎಲ್ಲಾ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಮಾತ್ರ ಯಾರೂ ವರ್ಷದ ಹಣ ಕಟ್ಟಲಿಲ್ಲ. ಎರಡನೇ ವರ್ಷಕ್ಕೇ ಬಾಗಿಲು ಹಾಕಿದೆವು. ಬಂಡವಾಳ ಸಾಲಲಿಲ್ಲ ಪಾಪ ಅಂತ ಎಲ್ಲರೂ ಅಂದರು. ಹಾಗಲ್ಲ. ಅಪ್ಪ ಕೊಟ್ಟ ದುಡ್ಡು ಇನ್ನೂ ಕೈಯಲ್ಲಿತ್ತು. ಗಿರಾಕಿಯ ಕೈಯಲ್ಲಿ ಯಾವ ತಿಂಗಳು ಕಾಸು ಓಡಾಡುತ್ತದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಅದನ್ನು ನಾನು ಕಲಿತದ್ದು ಆಮೇಲೆ, ಇನ್ನೊಬ್ಬರ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುವಾಗ.

1993ರಲ್ಲಿ ಇನ್ಫೋಸಿಸ್ ಷೇರು ಮೊದಲ ಸಲ 95 ರೂಪಾಯಿಗೆ ಮಾರಾಟಕ್ಕೆ ಬಂದಾಗಲೂ ಜನ ಪೂರ್ತಿ ಕೊಳ್ಳಲಿಲ್ಲ. ಕಂಪನಿ ಶುರುವಾಗಿ ಆಗಲೇ ಹತ್ತಿರ ಹತ್ತಿರ 12 ವರ್ಷ ಆಗಿತ್ತು! ನಮ್ಮೂರಿನ ಹುಡುಗರು ಮೊದಲ ಸೋಲಿಗೇ ಕಂಗಾಲಾಗುವುದನ್ನು ಈಗಲೂ ನೋಡುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ. ದಯವಿಟ್ಟು ಸಾಫ್ಟ್ರಾನಿಕ್ಸ್ ಬಗ್ಗೆಯೂ ಒಂದು ಪ್ಯಾರಾ ಸೇರಿಸಿ.