ಕೈ ಕಟ್ಕೊಂಡು ಕೂರೋ ಆಟ

ಜಿಗ್ಸಾ ಪಝಲ್ ಮಕ್ಕಳ ಆಟ ಅಂತ ಅಂಗಡೀಲಿ ಮಾರ್ತಾರೆ ನಿಜ, ಆದ್ರೆ ಅದರಲ್ಲಿ ಜಾಸ್ತಿ ಒದ್ದಾಡೋದು ಪಕ್ಕದಲ್ಲಿ ಕೂತಿರೋ ದೊಡ್ಡವರು. ಮಗು ಆನೆ ಸೊಂಡ್ಲನ್ನ ಬಾಲದ ಜಾಗದಲ್ಲಿಟ್ಟು ಮುಷ್ಟಿ ಕಟ್ಟಿ ಗುದ್ದುತ್ತಾ ಇರುತ್ತೆ, ನಮಗೆ ಕೈ ತುರಿಸುತ್ತೆ. "ಅಲ್ಲಲ್ಲ ಪುಟ್ಟೀ, ಆ ಕಡೆ ತಿರುಗ್ಸು, ಹಾಂ, ಇನ್ನೊಂಚೂರು, ಅಯ್ಯೋ ತಾ ಇಲ್ಲಿ"... ಅಲ್ಲಿಗೆ ಮುಗೀತು. ಆನೆ ಜೋಡಿಸಿದ್ದು ನಾವು, ಚಪ್ಪಾಳೆ ತಟ್ಟಿದ್ದು ಮಗು.

ಮಾಂಟೆಸ್ಸೋರಿ ಅಮ್ಮ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ, ಅಂದ್ರೆ ಪುಟಾಣಿಗಳ ಶಾಲೆ ಶುರು ಮಾಡಿದೋರು, ಆಮೇಲೆ 1939ರಲ್ಲಿ ನಮ್ಮ ಪಕ್ಕದ ಮದ್ರಾಸಿಗೇ ಬಂದು ಅಡ್ಯಾರ್‌ನಲ್ಲಿ ಟೀಚರ್‌ಗಳಿಗೆ ಪಾಠ ಮಾಡಿದೋರು, ಅವರ ಸಾಮಾನಲ್ಲಿ ಒಂದು ಮರದ ದಿಮ್ಮಿ ಇದೆ, ಹತ್ತು ಗುಳಿ, ಹತ್ತು ಗುಂಡುಕಡ್ಡಿ, ಒಂದೊಂದೂ ಒಂದೊಂದು ಅಳತೆ, ಒಂದನ್ನ ತಪ್ಪು ಗುಳೀಲಿ ಹಾಕಿದ್ರೆ ಕೊನೇಲಿ ಯಾವುದೋ ಒಂದು ಕೂರದೇ ಉಳಿಯುತ್ತೆ. ತಪ್ಪಾಯ್ತು ಅಂತ ಟೀಚರ್ ಹೇಳೋ ಹಾಗೇ ಇಲ್ಲ, ಕಟ್ಟಿಗೇನೇ ಹೇಳುತ್ತೆ. ಪಝಲ್‌ದೂ ಅದೇ ಗುಣ. ಅದು ಬೈಯಲ್ಲ, ಮುಖ ಸಿಂಡರಿಸಲ್ಲ, ಸುಮ್ನೆ ಕೂರಲ್ಲ ಅಷ್ಟೆ. ನಾವು ಮಾತ್ರ ಮೂರನ್ನೂ ಮಾಡ್ತೀವಿ.

ಇನ್ನು ಮೂರು ವರ್ಷದ ಮಗೂಗೆ ನೂರು ತುಂಡಿನ ಡಬ್ಬ ಉಡುಗೊರೆ ಕೊಡೋ ನೆಂಟರು, ಬೆಳೆಯೋ ಮಗು ಅಂತ ಎರಡು ಸೈಜ್ ದೊಡ್ಡ ಅಂಗಿ ತಗೊಂಡ ಹಾಗೆ. ಆ ವಯಸ್ಸಿಗೆ ಎಂಟೋ ಹತ್ತೋ ತುಂಡು ಸಾಕು. ಮೊದಲು ಮೂಲೆ ಹುಡುಕು, ಅಂಚು ಜೋಡಿಸು ಅನ್ನೋದೂ ನಮ್ಮ ಬುದ್ಧಿವಂತಿಕೆ, ಮಗೂಗೆ ಅಂಚು ಯಾಕೆ ಬೇಕು, ಅದಕ್ಕೆ ಬೇಕಿರೋದು ಆನೆ ಕಣ್ಣು, ಅಲ್ಲಿಂದ್ಲೇ ಶುರು ಮಾಡ್ಲಿ ಬಿಡಿ. ತೀರಾ ಅಳು ಬರೋ ಹಾಗಾದ್ರೆ "ಈ ನೀಲಿ ಬಣ್ಣ ಇನ್ನೆಲ್ಲಾದ್ರೂ ಇದ್ಯಾ ನೋಡು" ಅಂತ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೋದು. ಸುಮ್ಮನಾಗೋಕೆ ನನ್ನ ಉಪಾಯ, ಎರಡೂ ಕೈಲಿ ಕಾಫಿ ಲೋಟ ಹಿಡ್ಕೊಳ್ಳೋದು.

ಈ ಆಟ ಹುಟ್ಟಿದ್ದೇ ನಕ್ಷೆಯಿಂದ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನೋ ನಕ್ಷೆ ಕೆತ್ತೋನು, ನಕ್ಷೆಯನ್ನ ಮರದ ಹಲಗೆಗೆ ಅಂಟಿಸಿ ದೇಶಗಳ ಗಡಿಗುಂಟ ಕೊಯ್ದು ಮಾರಿದ, ಶ್ರೀಮಂತರ ಮಕ್ಕಳು ಭೂಗೋಳ ಕಲೀಲಿ ಅಂತ. ಈಗಿನ ಹಾಗೆ ಒಂದಕ್ಕೊಂದು ಕಚ್ಕೊಳ್ಳೋ ಕಿವಿಗಳಿರ್ಲಿಲ್ಲ, ಯಾರಾದ್ರೂ ಜೋರಾಗಿ ಸೀನಿದ್ರೆ ಯುರೋಪ್ ಚೆಲ್ಲಾಪಿಲ್ಲಿ ಆಗ್ತಿತ್ತೇನೋ!

ನಮ್ಮನೇಲೂ ಒಂದು ಮರದ ಕರ್ನಾಟಕ ಇದೆ, ಹಳೇದು. ಅಣ್ಣನ ಮಗಳಿಗೆ ಸರಿಯಾಗಿ ಓದೋಕೆ ಬರೋಕ್ಮುಂಚೇನೇ ಜಿಲ್ಲೆ ಜೋಡಿಸೋಕೆ ಬರ್ತಿತ್ತು, ಅವಳಿಗೆ ಎಲ್ಲಕ್ಕಿಂತ ಮೊದಲು ಸಿಗೋದು ತುಮಕೂರು, ಯಾಕಂದ್ರೆ ಪಾವಗಡ ಆಂಧ್ರದೊಳಗೆ ಮೂತಿ ತೂರಿಸಿರೋದ್ರಿಂದ ಆ ತುಂಡಿನ ಥರ ಇನ್ನೊಂದಿಲ್ಲ. ಜಿಲ್ಲಾ ಕೇಂದ್ರಗಳನ್ನೆಲ್ಲ ಬಾಯಿಪಾಠ ಹೇಳೋ ನಮ್ಮಪ್ಪ ಹಾವೇರಿ ಗದಗ ಹಿಡ್ಕೊಂಡು ಅತ್ಲಾಗೊಮ್ಮೆ ಇತ್ಲಾಗೊಮ್ಮೆ ತಿರುಗಿಸ್ತಾ ಕೂರ್ತಾರೆ.

ಮೊನ್ನೆ ಅವಳು ಸ್ಕೂಲಲ್ಲಿ ಹೊಸ ನಕ್ಷೆ ನೋಡ್ಕೊಂಡು ಬಂದು "ವಿಜಯನಗರ ತುಂಡು ಎಲ್ಲಿ?" ಅಂದ್ಲು. ಪಝಲ್ ಅಂದ್ಮೇಲೆ ಒಂದು ತುಂಡು ಕಳೆದೇ ಇರುತ್ತಲ್ಲ, ಅಪ್ಪ ಸೋಫಾ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದ್ರು, ಆಮೇಲೆ ಹೊಳೀತು, ಆ ಜಿಲ್ಲೆ ಬಳ್ಳಾರಿಯಿಂದ ಬೇರೆ ಆಗಿದ್ದು 2021ರಲ್ಲಿ, ಬೋರ್ಡು ಅದಕ್ಕಿಂತ ಹಳೇದು. ಅವಳು ಸ್ವಲ್ಪ ಹೊತ್ತು ಬಳ್ಳಾರಿ ತುಂಡನ್ನೇ ನೋಡಿದ್ಲು, ಸ್ಕೆಚ್ ಪೆನ್ ತಂದು ಅದರ ಮೇಲೆ ಅಡ್ಡಾದಿಡ್ಡಿ ಒಂದು ಗೆರೆ ಎಳೆದ್ಲು. "ಹೊಸಪೇಟೆ ಆ ಕಡೆ ಹೋಯ್ತಲ್ಲೇ" ಅಂತ ಅಪ್ಪನ ಕೈ ಪೆನ್ನಿನ ಕಡೆ ಹೋಯ್ತು, ನಾನು ಆ ಕೈಗೆ ಕಾಫಿ ಲೋಟ ಕೊಟ್ಟೆ.