ಅವರು ಎಸೆತ ಎಣಿಸುತ್ತಾರೆ, ನಾವು ವಿಕೆಟ್

ಬೌಲರ್ ಎಷ್ಟು ವಿಕೆಟ್ ತೆಗೆದ ಅನ್ನೋದು ನಮ್ಮೂರಿನ ಮೊದಲ ಪ್ರಶ್ನೆ. ನಾನಿರುವ ಲಾಸ್ ಏಂಜಲೀಸ್‌ನಲ್ಲಿ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನ ಬಗ್ಗೆ ಕೇಳುವುದೇ ಬೇರೆ: ಇವತ್ತು ಎಷ್ಟು ಎಸೆದ?

ಈ ಲೆಕ್ಕ ಮಕ್ಕಳಿಂದಲೇ ಶುರು. ಮನೆ ಹತ್ತಿರದ ಪಾರ್ಕಿನಲ್ಲಿ ಶನಿವಾರ ಮ್ಯಾಚ್ ಇರುತ್ತದೆ. ತಂತಿಬೇಲಿ ಪಕ್ಕ ಕೂತ ಒಬ್ಬ ತಾಯಿಯ ಕೈಯಲ್ಲಿ ಒತ್ತಿ ಎಣಿಸುವ ಪುಟ್ಟ ಕ್ಲಿಕ್ಕರ್. ಹುಡುಗ ಎಸೆದಾಗಲೆಲ್ಲ ಒಂದು ಟಿಕ್. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ನಿಯಮದಲ್ಲಿ ಹತ್ತು ವರ್ಷದವನಿಗೆ ದಿನಕ್ಕೆ 75 ಎಸೆತ, ಅಷ್ಟೇ. 66 ಮುಟ್ಟಿದರೂ ನಾಲ್ಕು ದಿನ ರೆಸ್ಟ್. 75 ಆದಾಗ ಎದುರಿಗಿರುವ ಬ್ಯಾಟರ್‌ನ ಸರದಿ ಮುಗಿಸಬಹುದು. ಆಮೇಲೆ ಗೆಲ್ಲುವ ಮ್ಯಾಚಾದರೂ ಸರಿ, ಕೋಚ್ ಬಂದು ಚೆಂಡು ಇಸ್ಕೊಳ್ಳುತ್ತಾನೆ. ಹುಡುಗ ಮುಖ ಊದಿಸಿಕೊಂಡು ಕೊಡುತ್ತಾನೆ. ಯಾರೂ ಜಗಳ ತೆಗೆಯುವುದಿಲ್ಲ.

ಇಷ್ಟೊಂದು ಎಚ್ಚರ ಸುಮ್ನೆ ಬಂದದ್ದಲ್ಲ. ಕ್ರಿಕೆಟ್ ಬೌಲರ್ ಕೈ ನೇರ ಇಟ್ಟು ಹಾಕುತ್ತಾನೆ, ಅವನಿಗೆ ಬೆನ್ನು, ಭುಜ, ಮಂಡಿ ಕೈಕೊಡುತ್ತವೆ. ಪಿಚರ್ ಕೈ ಮಡಚಿ ಬೀಸುತ್ತಾನೆ, ಅಷ್ಟೂ ಎಳೆತ ಮೊಣಕೈ ಮೇಲೆ. 1974ರಲ್ಲಿ ಇದೇ ಊರಿನ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್‌ಗೆ ಮೊಣಕೈಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯಿತು. ಆಗೆಲ್ಲ ಅಲ್ಲಿಗೆ ಆಟ ಮುಗೀತು ಅಂತಲೇ ಅರ್ಥ. ಡಾಕ್ಟರ್ ಫ್ರಾಂಕ್ ಜೋಬ್ ಅವನ ಬಲಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಎಡ ಮೊಣಕೈಗೆ ಹೊಲಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂದಿದ್ದರು. 1975 ಪೂರ್ತಿ ಹೊರಗೆ ಕೂತವನು 1976ರಲ್ಲಿ ವಾಪಸ್ ಬಂದ, 46ನೇ ವಯಸ್ಸಿನವರೆಗೂ ಆಡಿದ. ಗೆದ್ದ 288 ಪಂದ್ಯಗಳಲ್ಲಿ 164 ಆಪರೇಷನ್ ಆದಮೇಲಿನವು. ಆಪರೇಷನ್‌ಗೆ ಅವನದೇ ಹೆಸರಿಟ್ಟರು. ಆದರೆ ಬೇಸ್‌ಬಾಲ್ ದಿಗ್ಗಜರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವದ ಆಯ್ಕೆಗೆ 15 ವರ್ಷ ಪತ್ರಕರ್ತರ ಮುಂದೆ ಹೆಸರಿದ್ದರೂ ಸಾಕಷ್ಟು ಮತ ಬೀಳಲಿಲ್ಲ. ನನಗಂತೂ ಇದು ಅನ್ಯಾಯ.

ನಮ್ಮ ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ ನೆನಪಾಗುತ್ತಾರೆ. ಸತ್ತ ಪಿಚ್‌ಗಳ ಮೇಲೆ ಓವರ್ ಮೇಲೆ ಓವರ್ ಹಾಕಿಸಿದೆವು. 1997ರಲ್ಲಿ ಭುಜದ ಆಪರೇಷನ್ ಆಯಿತು. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು, ಆದರೂ ಸೋತೆವು. ಆ 13 ಎಲ್ಲರಿಗೂ ಬಾಯಿಪಾಠ. ಅದಕ್ಕೆ ಎಷ್ಟು ಓವರ್ ಹಾಕಿದರು ಅಂತ ಕೇಳಿ ನೋಡಿ.

ಹಾಗಂತ ಅಮೆರಿಕದವರು ಗೆದ್ದರು ಅಂತಲ್ಲ. ಎಣಿಸುವುದು ಎಸೆತ, ದುಡ್ಡು ಕೊಡುವುದು ವೇಗಕ್ಕೆ. ಟಾಮಿ ಜಾನ್ ವೇಗದವನೇ ಅಲ್ಲ, ಕೆಳಗೆ ಇಳಿಯುವ ಚೆಂಡು ಹಾಕಿ ಬ್ಯಾಟರ್ ಅದನ್ನು ನೆಲಕ್ಕೆ ಹೊಡೆಯುವಂತೆ ಮಾಡುತ್ತಿದ್ದ. ಈಗ ಗಂಟೆಗೆ 95 ಮೈಲಿ ಇಲ್ಲದಿದ್ದರೆ ಆಯ್ಕೆಗಾರರು ತಿರುಗಿ ನೋಡುವುದೂ ಕಷ್ಟ. ಇಂದಿನ ಡಾಡ್ಜರ್ಸ್ ಹೀರೋ ಶೋಹೆಯಿ ಓಹ್ತಾನಿಗೆ 2018, 2023 ಎರಡು ಸಲ ಮೊಣಕೈ ಆಪರೇಷನ್ ಆಗಿದೆ. ರೆಸ್ಟ್ ಕೊಟ್ಟು, ಪ್ರತಿ ಎಸೆತಕ್ಕೂ ಜೀವ ಹೋಗುವಷ್ಟು ಜೋರು ಬೀಸಿಸಿದರೆ ಲೆಕ್ಕ ಇಟ್ಟು ಏನು ಬಂತು, ಅಲ್ವಾ?

ನಾವು ತಗೊಳ್ಳಬೇಕಾದ್ದು ಕ್ಲಿಕ್ಕರ್, ಸ್ಪೀಡ್ ಗನ್ ಅಲ್ಲ. ಆದರೆ ಬರುತ್ತಿರುವುದು ಉಲ್ಟಾ. ಬೆಂಗಳೂರಿನಲ್ಲಿ ಬೇಸಿಗೆ ಕ್ಯಾಂಪಿಗೆ ಹೋಗುವ ತಂಗಿ ಮಗನನ್ನು ದಿನಕ್ಕೆ ಎಷ್ಟು ಓವರ್ ಹಾಕ್ತೀಯೋ ಅಂತ ಕೇಳಿದೆ. "ಯಾರು ಲೆಕ್ಕ ಇಡ್ತಾರೆ ಮಾಮ, ಸುಸ್ತಾಗೋವರೆಗೂ" ಅಂದ. ಸ್ಪೀಡ್ ಎಷ್ಟು ಅಂದಿದ್ದಕ್ಕೆ ಮಾತ್ರ ತಟ್ಟನೆ ಉತ್ತರ ಬಂತು, ದಶಾಂಶದ ಸಮೇತ. ಮೊಬೈಲ್ ಆಪ್‌ನಲ್ಲಿ ಅಳೆದಿದ್ದಾನಂತೆ.